ಹಳೆಯ ಮಾರ್ಟಿನಿ ಗುರಿಬಂದೂಕಿನ ಒಳಯಂತ್ರ: ದೋಷವನ್ನರಿತು ತಿದ್ದುವ ಬಗೆ

ಪ್ರೌಢಶಾಲೆಯ ದಿನಗಳಲ್ಲಿ ಎನ್.ಸಿ.ಸಿ. ಸಮವಸ್ತ್ರವನ್ನು ಧರಿಸಿದ್ದವರಿಗೆ ಗುರಿಹೊಡೆತದ ಮೊದಲ ದಿನ ಸುಲಭವಾಗಿ ಮರೆಯುವಂಥದಲ್ಲ. ಮಣ್ಣಿನ ದಿಬ್ಬ, ಅದರ ಮುಂದೆ ಕಾಗದದ ಗುರಿಫಲಕ, ನೆಲದ ಮೇಲೆ ಬೋರಲಾಗಿ ಮಲಗಿದ ಹುಡುಗರ ಸಾಲು, ಅವರ ಕೈಯಲ್ಲಿ ಪಾಯಿಂಟ್ ಇಪ್ಪತ್ತೆರಡು ರೈಫಲ್ಲು. 1948ರ ಕಾಯಿದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ಕೆಡೆಟ್ ದಳದಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಕೈ ಪಳಗಿಸಿದುದು ಈ ಚಿಕ್ಕ ತೋಟಾದ ಮೇಲೆಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗಳಿಸಿದುದೂ ಇದೇ ಅಳತೆಯ ತೋಟಾದಿಂದ. ಆ ಸ್ಪರ್ಧೆಯಲ್ಲಿ ಇಂದಿಗೂ ಒಂದು ಸಲಕ್ಕೆ ಒಂದೇ ತೋಟಾವನ್ನು ಕೈಯಿಂದ ತುಂಬಬೇಕೆಂಬ ನಿಯಮವಿದೆ.

ಈ ಒಂಟಿ ತೋಟಾದ ಗುರಿಬಂದೂಕುಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬಿ.ಎಸ್.ಎ. ಕಾರ್ಖಾನೆ ತಯಾರಿಸಿದ ಮಾರ್ಟಿನಿ ಮಾದರಿಯದು ಬಹುಕಾಲ ಹೆಸರು ಪಡೆದಿದ್ದಿತು. ಎಪ್ಪತ್ತು, ಎಂಬತ್ತು, ಕೆಲವೊಮ್ಮೆ ನೂರು ವರ್ಷ ಹಳೆಯದಾದ ಇಂಥ ಬಂದೂಕುಗಳು ಈಗಲೂ ಗುರಿಕಾರರ ಕೈಯಲ್ಲಿ ಕೆಲಸ ಮಾಡುತ್ತಿವೆ. ಆದರೆ ವಯಸ್ಸಾದ ಯಂತ್ರದಲ್ಲಿ ತೊಡಕು ಕಾಣಿಸಿಕೊಳ್ಳುವುದು ಸಹಜ. ತೊಡಕಿನ ಕಾರಣವನ್ನು ಕಂಡುಕೊಳ್ಳುವ ಮುನ್ನವೇ ಅರವನ್ನೋ ಸಾಣೆಕಲ್ಲನ್ನೋ ಕೈಗೆತ್ತಿಕೊಂಡರೆ ಆಗುವ ಹಾನಿ ಎರಡು ಬಗೆಯದು. ಉಜ್ಜಿ ತೆಗೆದ ಉಕ್ಕು ಮರಳಿ ಬರುವುದಿಲ್ಲ. ಕೆಟ್ಟು ಹೋದ ಟ್ರಿಗರ್ ಪಕ್ಕದಲ್ಲಿದ್ದವರ ಪ್ರಾಣಕ್ಕೆ ಎರವಾಗಬಹುದು. ಆದಕಾರಣ ದೋಷವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ತಿಳಿದಿರುವುದು ಅವಶ್ಯ.

ಯಂತ್ರದ ಹುಟ್ಟು ಮತ್ತು ಬೆಳವಣಿಗೆ

ಈ ಯಂತ್ರದ ಮೂಲ ಕಲ್ಪನೆ ಅಮೆರಿಕದ್ದು. ಬಾಸ್ಟನ್ ನಗರದ ಹೆನ್ರಿ ಪೀಬಾಡಿ ಎಂಬಾತ 1862ರಲ್ಲಿ ಇದರ ಹಕ್ಕುಪತ್ರವನ್ನು ಪಡೆದನು. ನಳಿಗೆಯ ಹಿಂಬಾಯಿಯನ್ನು ಉಕ್ಕಿನ ಒಂದು ಗಟ್ಟಿಯಿಂದ ಮುಚ್ಚುವುದು, ಆ ಗಟ್ಟಿಯ ಹಿಂತುದಿ ಕೀಲಿನಲ್ಲಿ ನಿಂತು ಮುಂತುದಿ ಮಾತ್ರ ಕೆಳಗಿಳಿದು ಬಾಯಿ ತೆರೆಯುವುದು, ಇದು ಆತನ ಉಪಾಯ. ಆದರೆ ತೋಟಾವನ್ನು ಹೊಡೆಯಲು ಹೊರಗಡೆ ಒಂದು ಸುತ್ತಿಗೆ ಬೇಕಾಗಿದ್ದಿತು. ಸ್ವಿಟ್ಸರ್ಲೆಂಡಿನ ಫ್ರೌವೆನ್‌ಫೆಲ್ಡ್ ಪಟ್ಟಣದಲ್ಲಿ ಯಂತ್ರಶಾಲೆ ನಡೆಸುತ್ತಿದ್ದ ಫ್ರೀಡ್ರಿಕ್ ಫಾನ್ ಮಾರ್ಟಿನಿ ಈ ಹೊರಸುತ್ತಿಗೆಯನ್ನು ತೆಗೆದುಹಾಕಿ, ಗಟ್ಟಿಯ ಒಳಗೇ ಸುರುಳಿ ಸ್ಪ್ರಿಂಗಿನಿಂದ ಮುನ್ನುಗ್ಗುವ ಮೊಳೆಯೊಂದನ್ನು ಅಳವಡಿಸಿದನು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಹೆನ್ರಿಯ ನಳಿಗೆಯೊಡನೆ ಕೂಡಿ ಅದು ಮಾರ್ಟಿನಿ-ಹೆನ್ರಿ ಎಂಬ ಹೆಸರಿನಲ್ಲಿ 1871ರಲ್ಲಿ ಬ್ರಿಟಿಷ್ ಸೈನ್ಯವನ್ನು ಸೇರಿತು.

ಹಲವು ತೋಟಾಗಳನ್ನು ಒಮ್ಮೆಗೇ ತುಂಬುವ ಬಂದೂಕುಗಳು ಬಂದ ಮೇಲೆ ಯುದ್ಧರಂಗದಲ್ಲಿ ಮಾರ್ಟಿನಿಯ ಕಾಲ ಮುಗಿಯಿತು. ಗುರಿರಂಗದಲ್ಲಿ ಅದರ ಎರಡನೆಯ ಆಯುಷ್ಯ ಮೊದಲಾಯಿತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳ ಗುರಿಯ ದೌರ್ಬಲ್ಯ ಬಯಲಾದುದರಿಂದ, ದುಡಿಯುವ ಜನರಿಗೂ ಗುರಿವಿದ್ಯೆ ಕಲಿಸಬೇಕೆಂದು ಲಾರ್ಡ್ ರಾಬರ್ಟ್ಸ್ ಮೊದಲಾದವರು 1901ರಲ್ಲಿ ಒಂದು ಸಂಘವನ್ನು ಕಟ್ಟಿದರು. ಚಿಕ್ಕ ಗುಂಡಿನ ಅಗ್ಗದ ಬಂದೂಕಿಗೆ ಇದರಿಂದ ಬೇಡಿಕೆ ಹುಟ್ಟಿತು. ಬಿ.ಎಸ್.ಎ. ಕಾರ್ಖಾನೆಯು ಮಾರ್ಟಿನಿ ಯಂತ್ರವನ್ನು ಕಿರಿದಾಗಿಸಿ ಪಾಯಿಂಟ್ ಇಪ್ಪತ್ತೆರಡು ತೋಟಾಕ್ಕೆ ಹೊಂದಿಸಿತು. ಹನ್ನೆರಡನೆಯ ನಂಬರಿನ ಮಾದರಿ, ಅನಂತರ 12/15 ಮಾದರಿ, 1950ರಿಂದ ಇಂಟರ್‌ನ್ಯಾಷನಲ್ ಮಾದರಿ ಒಂದರ ಹಿಂದೊಂದು ಬಂದವು. ಇಂದು ಈ ಮಾದರಿಗಳಾವುವೂ ತಯಾರಾಗುತ್ತಿಲ್ಲ. ಒಂದು ಭಾಗ ಕೆಟ್ಟರೆ ಅದಕ್ಕೆ ಬದಲಿ ಭಾಗವನ್ನು ಮತ್ತೊಂದು ಹಳೆಯ ಬಂದೂಕಿನಿಂದ ಹುಡುಕಬೇಕು, ಇಲ್ಲವೇ ಕುಶಲನಾದ ಕೆಲಸಗಾರನಿಂದ ಹೊಸದಾಗಿ ಮಾಡಿಸಬೇಕು. ಇದ್ದ ಭಾಗವನ್ನು ಕೆಡಿಸದಿರುವುದಕ್ಕೆ ಇಷ್ಟು ಬೆಲೆ ಇರುವುದು ಈ ಕಾರಣದಿಂದ.

ತೋಟಾ ಮತ್ತು ಒಳಯಂತ್ರದ ಕೆಲಸ

ಯಂತ್ರದ ದೋಷವನ್ನು ಅರಿಯಬೇಕಾದರೆ ಮೊದಲು ತೋಟಾದ ರಚನೆಯನ್ನು ಅರಿಯಬೇಕು. 1887ರಲ್ಲಿ ಬಳಕೆಗೆ ಬಂದ ಪಾಯಿಂಟ್ ಇಪ್ಪತ್ತೆರಡು ಲಾಂಗ್ ರೈಫಲ್ ತೋಟಾದ ಸೀಸದ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ದೊಡ್ಡ ತೋಟಾಗಳಲ್ಲಿ ಸಿಡಿಮದ್ದು ತಳದ ನಡುವೆ ಬೇರೆಯೇ ಆದ ಪುಟ್ಟ ಬಟ್ಟಲಲ್ಲಿರುತ್ತದೆ. ಇದರಲ್ಲಾದರೋ ಅದು ಹಿತ್ತಾಳೆಯ ಕೋಶದ ತಳದ ಅಂಚಿನ ಒಳಮಡಿಕೆಯಲ್ಲಿ ಸುತ್ತಲೂ ಹರಡಿರುತ್ತದೆ. ತಯಾರಿಕೆಯ ವೇಳೆ ಒದ್ದೆಯಾದ ಸಿಡಿಮದ್ದನ್ನು ಕೋಶದೊಳಗಿಟ್ಟು, ಅದು ಅಂಚಿನೊಳಕ್ಕೆ ಸೇರುವಂತೆ ವೇಗವಾಗಿ ತಿರುಗಿಸುತ್ತಾರೆ. ಬಂದೂಕಿನ ಮೊಳೆಯು ಈ ಅಂಚನ್ನು ನಳಿಗೆಯ ಬಾಯಿಗೆ ಒತ್ತಿ ಜಜ್ಜಿದಾಗ ಸಿಡಿಮದ್ದು ಉರಿದು ಒಳಗಿನ ಮದ್ದಿಗೆ ಬೆಂಕಿ ತಾಗುತ್ತದೆ. ಅಂಚಿನ ದಪ್ಪ ಸುಮಾರು 1.1 ಮಿಲಿಮೀಟರ್. ತೋಟಾವನ್ನು ನಳಿಗೆಯೊಳಗೆ ತೀರ ಮುಂದಕ್ಕೆ ಹೋಗದಂತೆ ತಡೆಯುವುದೂ ಈ ಅಂಚೇ.

ಇನ್ನು ಯಂತ್ರ. ಹಿಡಿಯ ಕೆಳಗಿನ ಸನ್ನೆಗೋಲನ್ನು ಕೆಳಕ್ಕೆ ಒತ್ತಿದಾಗ ನಾಲ್ಕು ಕೆಲಸಗಳು ಒಂದಾದ ಮೇಲೊಂದು ನಡೆಯುತ್ತವೆ. ಬ್ಲಾಕು ಎಂದು ಕರೆಯಲಾಗುವ ಉಕ್ಕಿನ ಗಟ್ಟಿಯ ಮುಂತುದಿ ಕೆಳಗಿಳಿಯುತ್ತದೆ. ಸನ್ನೆಗೋಲಿನೊಡನೆ ತಿರುಗುವ ಪುಟ್ಟ ತೋಳೊಂದು ಸ್ಟ್ರೈಕರ್ ಎಂಬ ಮೊಳೆಯನ್ನು ಹಿಂದಕ್ಕೆಳೆದು ಅದರ ಸ್ಪ್ರಿಂಗನ್ನು ಅದುಮುತ್ತದೆ. ಟ್ರಿಗರಿನ ಮೂಗು ಆ ತೋಳಿನ ಕಚ್ಚಿನಲ್ಲಿ ಸಿಕ್ಕಿಕೊಂಡು ಅದನ್ನು ಹಾಗೆಯೇ ಹಿಡಿದು ನಿಲ್ಲಿಸುತ್ತದೆ. ಕೊನೆಯಲ್ಲಿ, ಕೆಳಗಿಳಿದ ಬ್ಲಾಕು ಎಕ್ಸ್‌ಟ್ರ್ಯಾಕ್ಟರ್ ಎಂಬ ಕೊಕ್ಕೆಯ ಕೆಳಗಿನ ಕಾಲಿಗೆ ಬಡಿಯುತ್ತದೆ. ಆಗ ಅದರ ಮೇಲಿನ ತುದಿ ಹಿಂದಕ್ಕೆ ಸರಿದು ಖಾಲಿ ಕೋಶವನ್ನು ಹೊರಗೆಳೆಯುತ್ತದೆ. ಸನ್ನೆಗೋಲನ್ನು ಮೇಲಕ್ಕೆತ್ತಿದರೆ ಬ್ಲಾಕು ಏರಿ ಬಾಯಿ ಮುಚ್ಚುತ್ತದೆ. ಗುಂಡು ಹಾರುವಾಗ ಹಿಂದಕ್ಕೆ ಬರುವ ಒತ್ತಡವನ್ನು ಬ್ಲಾಕಿನ ಕೀಲುಪಿನ್ನು ಒಂದೇ ಹೊರುವುದಿಲ್ಲ. ಬ್ಲಾಕಿನ ದುಂಡಾದ ಹಿಂಭಾಗ ಚೌಕಟ್ಟಿನ ಗೋಡೆಗೆ ಆತುಕೊಂಡು ಅದನ್ನು ತಾಳಿಕೊಳ್ಳುತ್ತದೆ. ಈ ಯಂತ್ರದ ದೀರ್ಘಾಯುಷ್ಯಕ್ಕೆ ಇದೇ ಮುಖ್ಯ ಕಾರಣ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದೇ ತೊಡಕು ಈ ನಾಲ್ಕು ಕೆಲಸಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಕೇಳಿಕೊಳ್ಳುವುದು ಸಾಧ್ಯವಾಗುತ್ತದೆ.

ಪರೀಕ್ಷೆಗೆ ಮುನ್ನ

ಪರೀಕ್ಷಿಸುವ ಮುನ್ನ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಬ್ಲಾಕನ್ನು ಪೂರ್ತಿ ಇಳಿಸಿ, ಚೇಂಬರ್ ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆ ನಡೆಯುವ ಮೇಜಿನ ಮೇಲೆ ಜೀವಂತ ತೋಟಾ ಒಂದೂ ಇರಕೂಡದು.

ಎರಡನೆಯ ನಿಯಮ, ಮೊದಲು ಶುಚಿಗೊಳಿಸುವುದು, ಅನಂತರವೇ ದೋಷವೆಂದು ತೀರ್ಮಾನಿಸುವುದು. ಹಳೆಯ ಬಂದೂಕುಗಳ ತೊಡಕುಗಳಲ್ಲಿ ಅನೇಕವು ಸವೆತದಿಂದ ಹುಟ್ಟಿದವಲ್ಲ, ಗಟ್ಟಿಯಾದ ಎಣ್ಣೆಯಿಂದ ಹುಟ್ಟಿದವು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬಂದೂಕಿನಲ್ಲಿ ಎಣ್ಣೆ ಒಣಗಿ ಅಂಟಿನಂತಾಗುತ್ತದೆ. ಅದರೊಡನೆ ಗುಂಡಿಗೆ ಸವರಿದ ಮೇಣ, ಸೀಸದ ಪುಡಿ, ಉರಿಯದೆ ಉಳಿದ ಮದ್ದಿನ ಕಣಗಳು ಸೇರುತ್ತವೆ. ಬಿ.ಎಸ್.ಎ.ಯ ಚಿಕ್ಕ ಮಾರ್ಟಿನಿಗಳಲ್ಲಿ ಒಳಯಂತ್ರವನ್ನು ಒಂದೇ ಗುಂಪಾಗಿ ಚೌಕಟ್ಟಿನ ಕೆಳಗಿನಿಂದ ಹೊರತೆಗೆಯುವ ಅನುಕೂಲವಿದೆ. ಪಿನ್ನು ಹೊರಡಿಸಲು ಸರಿಯಾದ ಅಳತೆಯ ಹಿತ್ತಾಳೆಯ ಕಡ್ಡಿಯನ್ನೇ ಬಳಸಬೇಕು. ಉಕ್ಕಿನ ಮೊಳೆಯಿಂದ ಬಡಿದರೆ ಪಿನ್ನಿನ ತಲೆ ಅರಳಿ ರಂಧ್ರ ಕೆಡುತ್ತದೆ. ಹೊರತೆಗೆದ ಯಂತ್ರವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಿಂದ ತೊಳೆದು, ಒರೆಸಿ ಒಣಗಿಸಿ, ತೆಳುವಾದ ಯಂತ್ರತೈಲವನ್ನು ಒಂದೆರಡು ಹನಿ ಮಾತ್ರ ಹಾಕಬೇಕು. ಇಷ್ಟರಿಂದಲೇ ತೊಡಕು ಮಾಯವಾದರೆ ಮುಂದಿನ ಕೆಲಸವೇ ಬೇಡ.

ಸಿಡಿಯದ ತೋಟಾ

ಟ್ರಿಗರನ್ನು ಎಳೆದಾಗ ಬರಿಯ ಟಕ್ಕೆಂಬ ಸದ್ದು ಬಂದು ಗುಂಡು ಹಾರದಿದ್ದರೆ ಬಂದೂಕನ್ನು ಕೂಡಲೇ ತೆರೆಯಬಾರದು. ಸಿಡಿಮದ್ದು ತಡವಾಗಿ ಉರಿಯುವ ಸಂಭವವಿರುವುದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಸದ್ದು ಬಂದರೂ ಅದು ಎಂದಿಗಿಂತ ಮಂದವಾಗಿದ್ದರೆ ಗುಂಡು ನಳಿಗೆಯಲ್ಲೇ ಸಿಲುಕಿರಬಹುದು. ಅದರ ಹಿಂದೆ ಇನ್ನೊಂದು ಗುಂಡನ್ನು ಹಾರಿಸಿದರೆ ನಳಿಗೆ ಉಬ್ಬುವುದು ಇಲ್ಲವೇ ಸೀಳುವುದು. ಆದ್ದರಿಂದ ನಳಿಗೆ ಬರಿದಾಗಿದೆಯೆಂದು ನೋಡಿಯೇ ಮುಂದುವರಿಯಬೇಕು.

ಹೊರಬಂದ ತೋಟಾವನ್ನು ಎಸೆಯಕೂಡದು. ದೋಷದ ವರದಿ ಅದರ ಅಂಚಿನ ಮೇಲೆಯೇ ಬರೆದಿರುತ್ತದೆ. ಭೂತಗನ್ನಡಿಯಿಂದ ನೋಡಿದಾಗ ಮೊಳೆಯ ಗುರುತು ಆಳವಾಗಿ, ಅಂಚಿನ ಮೇಲೆ ಸರಿಯಾಗಿ ಬಿದ್ದಿದ್ದರೆ ಬಂದೂಕು ತನ್ನ ಕೆಲಸವನ್ನು ಮಾಡಿದೆಯೆಂದೇ ಅರ್ಥ. ಆ ಭಾಗದ ಅಂಚಿನೊಳಗೆ ಸಿಡಿಮದ್ದು ಸೇರಿಲ್ಲ. ಗುರಿರಂಗದಲ್ಲಿ ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಮತ್ತೆ ಹೊಡೆದಾಗ ಸಿಡಿದರೆ ದೋಷ ತೋಟಾದ್ದೆಂಬುದು ಸ್ಥಿರಪಡುತ್ತದೆ. ಬೇರೆ ಪೆಟ್ಟಿಗೆಯ ತೋಟಾಗಳು ಸರಾಗವಾಗಿ ಸಿಡಿದರೆ ಬಂದೂಕನ್ನು ಮುಟ್ಟಬೇಕಾಗಿಲ್ಲ.

ಗುರುತು ಅಂಚನ್ನು ಬಿಟ್ಟು ಒಳಗೆ ಬಿದ್ದಿದ್ದರೆ, ಅಥವಾ ಅರ್ಧವೇ ಮೂಡಿದ್ದರೆ, ಮೊಳೆಯ ತುದಿ ಮುರಿದಿದೆ ಅಥವಾ ಸವೆದಿದೆ. ಗುರುತು ಸ್ಥಳದಲ್ಲಿ ಸರಿಯಾಗಿದ್ದು ಆಳ ಸಾಲದಿದ್ದರೆ ಕಾರಣಗಳು ನಾಲ್ಕು. ಬ್ಲಾಕಿನೊಳಗೆ ಎಣ್ಣೆ ಗಟ್ಟಿಯಾಗಿ ಮೊಳೆಯ ವೇಗವನ್ನು ಕುಂದಿಸಿರಬಹುದು; ಸ್ಪ್ರಿಂಗು ಸೋತಿರಬಹುದು; ಮೊಳೆಯ ಮುಂದಿನ ರಂಧ್ರದಲ್ಲಿ ಕೊಳೆ ತುಂಬಿ ಅದು ಪೂರ್ತಿ ಹೊರಚಾಚದಿರಬಹುದು; ಇಲ್ಲವೇ ಬ್ಲಾಕಿಗೂ ನಳಿಗೆಯ ಬಾಯಿಗೂ ನಡುವಣ ಎಡೆ ಹೆಚ್ಚಿರಬಹುದು. ಪರೀಕ್ಷೆಯ ಕ್ರಮವೂ ಇದೇ ಆಗಿರಬೇಕು. ಮೊದಲು ತೊಳೆಯುವುದು, ಆಮೇಲೆ ಸ್ಪ್ರಿಂಗನ್ನು ಹೊಸದರೊಡನೆ ಹೋಲಿಸುವುದು, ಆಮೇಲೆ ಮೊಳೆಯ ಚಾಚನ್ನು ನೋಡುವುದು, ಕಟ್ಟಕಡೆಗೆ ಎಡೆಯನ್ನು ಅಳೆಯುವುದು. ಈ ಎಡೆ ತೋಟಾದ ಅಂಚಿನ ದಪ್ಪಕ್ಕಿಂತ ಕೂದಲೆಳೆಯಷ್ಟೇ ಹೆಚ್ಚಿರಬೇಕು. ಹೆಚ್ಚಾದರೆ ಮೊಳೆಯ ಪೆಟ್ಟು ಅಂಚನ್ನು ಜಜ್ಜುವ ಬದಲು ತೋಟಾವನ್ನೇ ಮುಂದಕ್ಕೆ ತಳ್ಳುತ್ತದೆ. ಅಷ್ಟೇ ಅಲ್ಲದೆ ಆಧಾರವಿಲ್ಲದ ಅಂಚು ಉಬ್ಬಿ ಒಡೆದು, ಬಿಸಿಯಾದ ಅನಿಲ ಹೊಡೆಯುವವನ ಮುಖದ ಕಡೆಗೆ ಚಿಮ್ಮಬಹುದು. ಹಾರಿಸಿದ ಕೋಶಗಳ ಅಂಚು ಉಬ್ಬಿರುವುದು ಕಂಡುಬಂದರೆ ಬಂದೂಕನ್ನು ಅಲ್ಲಿಗೇ ನಿಲ್ಲಿಸಬೇಕು. ಇದನ್ನು ಅಳೆಯಲು ವಿಶೇಷ ಅಳತೆಗಟ್ಟಿಗಳಿವೆ. ಊಹೆಯಿಂದ ಆಗುವ ಕೆಲಸವಲ್ಲ.

ಹೊರಬಾರದ ಕೋಶ

ಖಾಲಿ ಕೋಶ ಸರಾಗವಾಗಿ ಹೊರಬರದಿರುವುದು ಎರಡನೆಯ ಸಾಮಾನ್ಯ ತೊಡಕು. ಇದು ಕಂಡೊಡನೆ ಎಕ್ಸ್‌ಟ್ರ್ಯಾಕ್ಟರನ್ನು ದೂರುವುದು ವಾಡಿಕೆ. ಆದರೆ ಮೊದಲು ನೋಡಬೇಕಾದುದು ಚೇಂಬರಿನ ಗೋಡೆಯನ್ನು. ಮೇಣ ಮತ್ತು ಸೀಸ ಅಲ್ಲಿ ಉಂಗುರದಂತೆ ಕಟ್ಟಿಕೊಳ್ಳುತ್ತವೆ. ಲಾಂಗ್ ರೈಫಲ್ ತೋಟಾದ ಚೇಂಬರಿನಲ್ಲಿ ಅದಕ್ಕಿಂತ ಗಿಡ್ಡವಾದ ಷಾರ್ಟ್ ತೋಟಾಗಳನ್ನು ಬಹುಕಾಲ ಬಳಸಿದ್ದರೆ ಅವುಗಳ ಬಾಯಿ ಮುಗಿಯುವ ಜಾಗದಲ್ಲಿ ಕೊಳೆ ಕೂಡುವುದಲ್ಲದೆ ಗೋಡೆಯೇ ಕೊರೆದುಹೋಗಬಹುದು. ಕೊಳೆಯಾದರೆ ಕಂಚಿನ ಬ್ರಷ್ಷಿಗೆ ಹೋಗುತ್ತದೆ. ಕೊರೆತವಾದರೆ ನಳಿಗೆಗೆ ಹೊಸ ಒಳಪದರ ಹಾಕಿಸದೆ ಬೇರೆ ದಾರಿಯಿಲ್ಲ.

ಚೇಂಬರಿನ ಬಾಯಂಚಿನಲ್ಲಿ ಪುಟ್ಟ ತಗ್ಗೊಂದು ಕಾಣಿಸಿದರೆ ಅದರ ಕಾರಣ ಮತ್ತೊಂದು. ತೋಟಾವಿಲ್ಲದೆ ಟ್ರಿಗರನ್ನು ಎಳೆಯುವ ಅಭ್ಯಾಸ ಕೆಲವರಿಗುಂಟು. ಈ ಜಾತಿಯ ಬಂದೂಕಿನಲ್ಲಿ ಮೊಳೆಯ ಗುರಿ ಅಂಚು. ಅಂಚಿಲ್ಲದಾಗ ಅದು ನಳಿಗೆಯ ಬಾಯಿಗೇ ಬಡಿಯಬಹುದು. ನೂರಾರು ಸಲ ಹೀಗಾದರೆ ಅಲ್ಲಿ ತಗ್ಗು ಬಿದ್ದು, ಸರಿದ ಉಕ್ಕು ಚೇಂಬರಿನೊಳಕ್ಕೆ ಚಾಚಿಕೊಳ್ಳುತ್ತದೆ. ಇದರಿಂದ ತೋಟಾ ಒಳಹೋಗುವುದೂ ಕಷ್ಟ, ಹೊರಬರುವುದೂ ಕಷ್ಟ. ಇದನ್ನು ಅರದಿಂದ ಉಜ್ಜಿ ತೆಗೆದರೆ ಅಂಚಿಗೆ ಇರಬೇಕಾದ ಆಧಾರವೇ ಹೋಗುತ್ತದೆ. ಸರಿದ ಉಕ್ಕನ್ನು ಅದರ ಸ್ಥಳಕ್ಕೇ ಒತ್ತಿ ಕೂರಿಸುವ ಉಪಕರಣ ಕುಶಲ ಕೆಲಸಗಾರರಲ್ಲಿರುತ್ತದೆ. ಟ್ರಿಗರಿನ ಅಭ್ಯಾಸ ಮಾಡಲೇಬೇಕಾದಾಗ ಹಾರಿಸಿದ ಖಾಲಿ ಕೋಶವೊಂದನ್ನು ಚೇಂಬರಿನಲ್ಲಿಟ್ಟು, ಆಗಾಗ ತಿರುಗಿಸುತ್ತಿದ್ದರೆ ಈ ಹಾನಿ ತಪ್ಪುತ್ತದೆ.

ಇವೆರಡೂ ಸರಿಯಾಗಿದ್ದರೆ ಮಾತ್ರ ಎಕ್ಸ್‌ಟ್ರ್ಯಾಕ್ಟರಿನ ಸರದಿ. ಅದರ ತುದಿ ದುಂಡಾಗಿ ಸವೆದಿದೆಯೇ, ಅದು ಕೂರುವ ತೋಡಿನಲ್ಲಿ ಕೊಳೆ ತುಂಬಿದೆಯೇ, ಅದರ ಕೀಲು ಸಡಿಲವಾಗಿದೆಯೇ ಎಂದು ನೋಡಬೇಕು. ಹೊಡೆಯುವವನ ಕೈಯನ್ನೂ ಗಮನಿಸಬೇಕು. ಸನ್ನೆಗೋಲನ್ನು ಚುರುಕಾಗಿ ಇಳಿಸಿದರೆ ಕೋಶ ಹಾರಿ ಬೀಳುತ್ತದೆ. ಮೆಲ್ಲನೆ ಇಳಿಸಿದರೆ ಅದು ಸ್ವಲ್ಪವೇ ಹೊರಬಂದು ನಿಲ್ಲುತ್ತದೆ. ಅದು ಯಂತ್ರದ ಸ್ವಭಾವವೇ ಹೊರತು ದೋಷವಲ್ಲ.

ಬಿಗಿಯಾಗಿ ಮುಚ್ಚುವ ಬ್ಲಾಕು

ತೋಟಾ ತುಂಬಿದ ಮೇಲೆ ಸನ್ನೆಗೋಲು ಮೇಲೇರಲು ತಡೆಯುಂಟಾದರೆ ಬಲ ಹಾಕುವುದೇ ದೊಡ್ಡ ತಪ್ಪು. ತೋಟಾದ ಅಂಚಿನಲ್ಲೆಲ್ಲ ಸಿಡಿಮದ್ದಿದೆ. ಬ್ಲಾಕು ಮತ್ತು ನಳಿಗೆಯ ನಡುವೆ ಅಂಚು ಅರೆಯಲ್ಪಟ್ಟರೆ ಟ್ರಿಗರನ್ನು ಮುಟ್ಟದೆಯೇ ಅದು ಸಿಡಿಯಬಹುದು. ಆಗ ಬಾಯಿ ಪೂರ್ತಿ ಮುಚ್ಚಿರುವುದೂ ಇಲ್ಲ. ಹಾಗಾಗಿ ಸನ್ನೆಗೋಲನ್ನು ಇಳಿಸಿ ತೋಟಾವನ್ನು ಹೊರತೆಗೆದು, ಬರಿಯ ಬ್ಲಾಕನ್ನು ಮುಚ್ಚಿ ನೋಡಬೇಕು. ಬರಿದಾಗಿದ್ದಾಗಲೂ ಬಿಗಿಯಿದ್ದರೆ ಬ್ಲಾಕಿನ ಮುಖದ ಮೇಲೆ ಅಥವಾ ಎಕ್ಸ್‌ಟ್ರ್ಯಾಕ್ಟರಿನ ತೋಡಿನಲ್ಲಿ ಕೊಳೆಯಿದೆ, ಇಲ್ಲವೇ ಪಿನ್ನೊಂದು ಬಾಗಿದೆ. ತೋಟಾ ಇದ್ದಾಗ ಮಾತ್ರ ಬಿಗಿಯಾದರೆ ಚೇಂಬರಿನ ಕೊಳೆ, ಬಾಯಂಚಿನ ತಗ್ಗು, ದಪ್ಪ ಅಂಚಿನ ತೋಟಾ ಇವುಗಳಲ್ಲೊಂದು ಕಾರಣ. ತೋಟಾವನ್ನು ಹೆಬ್ಬೆರಳಿನಿಂದ ಕೊನೆಯವರೆಗೂ ಒತ್ತಿ ಕೂರಿಸದಿರುವುದು ಇವೆಲ್ಲಕ್ಕಿಂತ ಸಾಮಾನ್ಯ.

ಕಚ್ಚಿನಲ್ಲಿ ನಿಲ್ಲದ ಟ್ರಿಗರ್

ಎಲ್ಲ ದೋಷಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು. ಸನ್ನೆಗೋಲನ್ನು ಮುಚ್ಚುತ್ತಿರುವಾಗಲೇ ಮೊಳೆ ಹಾರುವುದು, ಅಥವಾ ಬಂದೂಕನ್ನು ನೆಲಕ್ಕೆ ತಾಗಿಸಿದ ಮಾತ್ರಕ್ಕೆ ಹಾರುವುದು ಇದರ ಲಕ್ಷಣ. ಗುರಿಕಾರರಿಗೆ ಹಗುರವಾದ ಟ್ರಿಗರ್ ಪ್ರಿಯ. ಹಿಂದಿನ ಒಡೆಯರಲ್ಲಿ ಯಾರೋ ಒಬ್ಬರು ಟ್ರಿಗರಿನ ಮೂಗನ್ನೋ ಕಚ್ಚನ್ನೋ ಸಾಣೆಕಲ್ಲಿಗೆ ಹಿಡಿದು ಹಗುರಗೊಳಿಸಿರುವ ಸಂದರ್ಭಗಳು ಅಪರೂಪವಲ್ಲ. ಈ ಭಾಗಗಳ ಮೇಲ್ಮೈಯನ್ನು ಮಾತ್ರ ಕಾಸಿ ಗಟ್ಟಿಗೊಳಿಸಿರುವುದೂ ಉಂಟು. ಅಂಥಲ್ಲಿ ಆ ತೆಳುವಾದ ಪದರ ಸವೆದರೆ ಒಳಗಿನ ಮೆದು ಉಕ್ಕು ಹೊರಬಂದು ಕಚ್ಚು ದಿನದಿನಕ್ಕೆ ಕಡಿಮೆಯಾಗುತ್ತ ಹೋಗುತ್ತದೆ.

ಇಲ್ಲಿಯೂ ಮೊದಲ ಕ್ರಮ ತೊಳೆಯುವುದೇ. ಅಂಟಾದ ಎಣ್ಣೆಯಿಂದ ಟ್ರಿಗರಿನ ಮೂಗು ಸಕಾಲಕ್ಕೆ ಕಚ್ಚಿಗೆ ಮರಳದಿರಬಹುದು. ಟ್ರಿಗರಿನ ಸ್ಪ್ರಿಂಗು ಸೋತಿರಬಹುದು. ಹೊಂದಿಸುವ ಸ್ಕ್ರೂ ಇರುವ ಮಾದರಿಗಳಲ್ಲಿ ಅದನ್ನು ಮಿತಿಮೀರಿ ತಿರುಗಿಸಿರಬಹುದು. ಇವನ್ನು ಸರಿಪಡಿಸಿದ ಮೇಲೆ, ಚೇಂಬರಿನಲ್ಲಿ ಖಾಲಿ ಕೋಶವನ್ನಿಟ್ಟು ಸನ್ನೆಗೋಲನ್ನು ಹತ್ತಾರು ಸಲ ಚುರುಕಾಗಿ ಮುಚ್ಚಿ, ಹಿಡಿಯ ಹಿಂಭಾಗವನ್ನು ಅಂಗೈಯಿಂದ ಬಲವಾಗಿ ತಟ್ಟಿ ನೋಡಬೇಕು. ಒಂದು ಸಲ ಮೊಳೆ ತಾನಾಗಿ ಹಾರಿದರೂ ಆ ಬಂದೂಕು ಗುರಿರಂಗಕ್ಕೆ ಹೋಗಕೂಡದು. ನೂರರಲ್ಲಿ ತೊಂಬತ್ತೊಂಬತ್ತು ಸಲ ನಿಲ್ಲುವ ಟ್ರಿಗರ್ ಒಳ್ಳೆಯ ಟ್ರಿಗರ್ ಅಲ್ಲ. ಸವೆದ ಮೂಗನ್ನು ಮತ್ತಷ್ಟು ಉಜ್ಜಿ ಸರಿಪಡಿಸಲು ಹೋಗುವುದು ದೋಷವನ್ನು ಆಳಗೊಳಿಸುವುದೇ ಆಗಿದೆ. ಆ ಭಾಗವನ್ನು ಬದಲಿಸಬೇಕು, ಇಲ್ಲವೇ ಸರಿಯಾದ ಕೋನದಲ್ಲಿ ಕಡೆದು ಮತ್ತೆ ಗಟ್ಟಿಗೊಳಿಸಬಲ್ಲ ಅನುಭವಿಗೆ ಒಪ್ಪಿಸಬೇಕು.

ಗುರಿ ಚದುರಿದಾಗ

ಮೇಲಿನ ತೊಡಕುಗಳೊಂದೂ ಇಲ್ಲದೆ ಗುರಿ ಮಾತ್ರ ಚದುರುತ್ತಿದ್ದರೆ ಒಳಯಂತ್ರವನ್ನು ಶಂಕಿಸುವ ಮೊದಲು ಮರದ ಭಾಗವನ್ನು ನೋಡಬೇಕು. ಮಾರ್ಟಿನಿಯಲ್ಲಿ ಮರವು ಎರಡು ತುಂಡು; ಹಿಂದಿನ ಹಿಡಿಯನ್ನು ಉದ್ದವಾದ ಬೋಲ್ಟು ಚೌಕಟ್ಟಿಗೆ ಬಿಗಿಯುತ್ತದೆ. ಮರ ಒಣಗಿ ಕುಗ್ಗಿದಂತೆ ಬೋಲ್ಟು ಸಡಿಲವಾಗುತ್ತದೆ. ಅರ್ಧ ಸುತ್ತು ಬಿಗಿದರೆ ಗುರಿ ಮರಳಿ ಕೂಡಿಕೊಂಡಿರುವುದುಂಟು. ನಳಿಗೆಯ ಮುಂಬಾಯಿಯೂ ಗಮನಾರ್ಹ. ಚೌಕಟ್ಟಿನ ಹಿಂಗೋಡೆಯಲ್ಲಿ ರಂಧ್ರವಿಲ್ಲದ ಮಾರ್ಟಿನಿಗಳಲ್ಲಿ ಶುಚಿಗೊಳಿಸುವ ಕೋಲನ್ನು ಹಿಂದಿನಿಂದ ನೇರವಾಗಿ ತೂರಿಸಲಾಗದು. ಮುಂದಿನಿಂದ ಅಜಾಗರೂಕತೆಯಿಂದ ತೂರಿಸಿದ ಕೋಲು ವರ್ಷಗಳ ಬಳಿಕ ಬಾಯಂಚನ್ನು ಸವೆಸುತ್ತದೆ. ದಾರಕ್ಕೆ ಬಟ್ಟೆ ಕಟ್ಟಿ ಹಿಂದಿನಿಂದ ಮುಂದಕ್ಕೆ ಎಳೆಯುವ ಹಳೆಯ ಪದ್ಧತಿಯೇ ಇಂಥವಕ್ಕೆ ಉತ್ತಮ.

ತಿದ್ದುವವನ ಮಿತಿ

ಭಾರತದಲ್ಲಿ ಒಂದು ಮಾತನ್ನು ನೆನಪಿಡಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯ ಐದನೆಯ ಪ್ರಕರಣದಂತೆ ಬಂದೂಕುಗಳ ತಯಾರಿಕೆ, ಮಾರಾಟಗಳಿಗೆ ಮಾತ್ರವಲ್ಲದೆ ದುರಸ್ತಿಗೂ ಪರವಾನಗಿ ಅಗತ್ಯ. ಆದಕಾರಣ ಮೇಲಿನ ವಿವರಣೆಯು ಪ್ರತಿಯೊಬ್ಬನನ್ನೂ ಬಂದೂಕಿನ ಕಮ್ಮಾರನನ್ನಾಗಿ ಮಾಡಲು ಅಲ್ಲ. ಬಳಸುವವನು ಶುಚಿಗೊಳಿಸಬಲ್ಲ, ನೋಡಬಲ್ಲ, ಲಕ್ಷಣಗಳನ್ನು ಬರೆದಿಡಬಲ್ಲ. ಯಾವಾಗ ನಿಲ್ಲಿಸಬೇಕೆಂಬುದನ್ನು ಅರಿಯಬಲ್ಲ. ಸಿಡಿಯದ ತೋಟಾವನ್ನೂ ಉಬ್ಬಿದ ಕೋಶವನ್ನೂ ಕಾಗದದಲ್ಲಿ ಕಟ್ಟಿ, ಯಾವ ಸಂದರ್ಭದಲ್ಲಿ ಹೀಗಾಯಿತೆಂದು ಬರೆದು, ಪರವಾನಗಿಯುಳ್ಳ ಕೆಲಸಗಾರನ ಮುಂದಿಟ್ಟರೆ ಆತನ ಅರ್ಧ ಕೆಲಸ ಮುಗಿದಂತೆ. ಜೀವಂತ ತೋಟಾವನ್ನು ಮಾತ್ರ ಬಂದೂಕಿನಿಂದ ಬೇರೆಯಾಗಿ, ನಿಯಮದಂತೆ ಒಯ್ಯಬೇಕು.

ಮಾರ್ಟಿನಿಯ ಒಳಯಂತ್ರದಲ್ಲಿ ಗುಟ್ಟಾದುದು ಏನೂ ಇಲ್ಲ. ಒಂದು ಸನ್ನೆಗೋಲು, ಒಂದು ಗಟ್ಟಿ, ಒಂದು ಮೊಳೆ, ಒಂದು ಕೊಕ್ಕೆ, ಒಂದು ಕಚ್ಚು. ಅದು ಕೆಟ್ಟಾಗ ಕಾರಣವನ್ನು ಮರೆಮಾಡುವುದಿಲ್ಲ. ಪ್ರತಿಯೊಂದು ಕೋಶದ ಅಂಚಿನ ಮೇಲೆಯೂ ಅದನ್ನು ಮುದ್ರಿಸಿ ಹೊರಗೆಸೆಯುತ್ತದೆ. ಅದನ್ನು ಓದುವ ತಾಳ್ಮೆಯಿಲ್ಲದವನು ಸರಿಯಾದ ಸ್ಪ್ರಿಂಗನ್ನು ಬದಲಿಸುತ್ತಾನೆ, ಸರಿಯಾದ ಮೂಗನ್ನು ಉಜ್ಜುತ್ತಾನೆ, ಕಡೆಗೆ ಒಂದು ದೋಷವಿದ್ದಲ್ಲಿ ಮೂರು ದೋಷಗಳನ್ನು ಉಳಿಸಿ ಹೋಗುತ್ತಾನೆ. ಕಾಯಕವನ್ನು ಗೌರವಿಸುವ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಯ ಉಪಾಧ್ಯಾಯರಿಗೆ ಈ ಮಾತಿನ ವ್ಯಾಪ್ತಿಯನ್ನು ವಿವರಿಸಬೇಕಾಗಿಲ್ಲ. ಲೆಕ್ಕದಲ್ಲಿ ತಪ್ಪಿದ ಹುಡುಗನಿಗೆ ಗಣಿತ ಬಾರದೆಂದು ತೀರ್ಮಾನಿಸುವ ಮುನ್ನ ಆತನಿಗೆ ಕರಿಹಲಗೆ ಸರಿಯಾಗಿ ಕಾಣುತ್ತಿದೆಯೇ ಎಂದು ವಿಚಾರಿಸುವ ಉಪಾಧ್ಯಾಯನೂ, ಸಿಡಿಯದ ತೋಟಾದ ಅಂಚನ್ನು ಭೂತಗನ್ನಡಿಯಲ್ಲಿ ನೋಡುವ ಕೆಲಸಗಾರನೂ ಅನುಸರಿಸುವ ಕ್ರಮ ಒಂದೇ.